ನಿಂತಲ್ಲೇ ನಿಲ್ಲುವುದು

ಚಳ್ಳಕೆರೆಯ ಬೆಳಗಿನ ಗಾಳಿಗೆ ಶೇಂಗಾ ಹಿಂಡಿಯ ವಾಸನೆ.
ರಜೆಯ ಒಂಬತ್ತನೇ ದಿನ. ಎದ್ದ ಕೂಡಲೇ ಕೈ
ಹವಾಮಾನದ ಹಾಳೆ ಹುಡುಕುತ್ತದೆ, ಸಿಗುವುದು ಹಾಲಿನ ಚೀಟಿ.
ಮಾಳಿಗೆ ಹತ್ತಿ ಬಟ್ಟೆಯ ತಂತಿ ನೋಡುತ್ತೇನೆ:
ಅತ್ತಿಗೆಯ ಸೀರೆ ಹೇಳುತ್ತದೆ, ನೈರುತ್ಯದಿಂದ ಹನ್ನೆರಡು ನಾಟ್,
ಆಗೀಗ ಹೊಯ್ದಾಟ. ಹಾರಬಹುದು.
ಹಲ್ಲುಜ್ಜುತ್ತೇನೆ.

ಮೇಲೆ ಹೇಗಿರುತ್ತೆ, ಕೇಳುತ್ತಾರೆ ಜನ.
ಹೆಲಿಕಾಪ್ಟರಿನವರಿಗೆ ಮೇಲೆ ಅನ್ನುವುದು ಅಂಥ ಮೇಲೇನಲ್ಲ.
ಮುಂದೆ ಹೋಗುವುದು ಸುಲಭ, ಯಾರಾದರೂ ಹೋಗುತ್ತಾರೆ.
ಕಷ್ಟವಿರುವುದು ನಿಂತಲ್ಲೇ ನಿಲ್ಲುವುದರಲ್ಲಿ.
ಎಡಗೈ ಒಂದು ಅಂದರೆ ಕಾಲು ಅದನ್ನು ತಿದ್ದಬೇಕು,
ಬಲಗೈ ಏನೂ ಹೇಳದ ಹಾಗೆ ಹೇಳಬೇಕು,
ನೋಡಿದವರಿಗೆ ಸುಮ್ಮನಿದೆ ಅನಿಸಬೇಕು.
ಮೊದಲ ವಾರ ನನ್ನ ಯಂತ್ರ
ಸಂತೆಯಲ್ಲಿ ಹಗ್ಗ ಕಿತ್ತ ಹೋರಿ.
ಹಿಡೀಬೇಡ, ಯೋಚಿಸು ಸಾಕು, ಅಂದರು ಬಾಜ್ವಾ ಸಾಹೇಬರು.
ಗೊತ್ತಿದ್ದ ಮಾತೇ. ನಮ್ಮದು ಕಿಲಾರಿಗಳ ಮನೆ;
ದೇವರ ಎತ್ತುಗಳಿಗೆ ಮೂಗುದಾರವಿಲ್ಲ, ನೊಗವಿಲ್ಲ,
ದೊಡ್ಡಪ್ಪ ಪಾಲಯ್ಯ ನೂರಿಪ್ಪತ್ತು ದನವನ್ನು
ಒಂದು ಸಿಳ್ಳಿನಲ್ಲಿ ತಿರುಗಿಸುತ್ತಾನೆ.

ನಾವು ಕೋಳಿ ಮುಟ್ಟುವುದಿಲ್ಲ.
ಹದಿನಾಲ್ಕು ವರ್ಷದಿಂದ ಮೆಸ್ಸಿನಲ್ಲಿ ಇದೊಂದು ನಗೆ:
ಕುರಿ ತಿಂತಾನೆ, ಮೊಟ್ಟೆ ಕಂಡರೆ ಏಳ್ತಾನೆ!
ಯಾಕೆಂದು ನನಗೂ ತಿಳಿಯದು.
ದೇವರಿದ್ದಾನೋ ಇಲ್ಲವೋ, ಅದೂ.
ತಟ್ಟೆ ಸರಿಸುವ ಕೈಗೆ ಮಾತ್ರ ಗೊತ್ತು.
ಬ್ರಹ್ಮಪುತ್ರದ ಮೇಲೆ ಒಮ್ಮೆ ಹದ್ದೊಂದು ಗಾಜಿಗೆ ಬಡಿಯಿತು.
ಇಳಿದು ಫಾರಂ ತುಂಬಿದೆ: ಹೊತ್ತು, ಎತ್ತರ, ಹಕ್ಕಿಯ ಗಾತ್ರ,
ಚಿಕ್ಕದು, ಮಧ್ಯಮ, ದೊಡ್ಡದು, ಯಾವುದೋ ಒಂದಕ್ಕೆ ಗುರುತು.
ರಾತ್ರಿ ಊಟ ಬಿಟ್ಟೆ. ಜ್ವರ ಅಂದೆ.
ಬೆಳಿಗ್ಗೆ, ಗಾಜು ಒರೆಸಿದ ಬಟ್ಟೆಯನ್ನು ಹುಡುಗನಿಂದ ಇಸಿದುಕೊಂಡು
ಹ್ಯಾಂಗರಿನ ಹಿಂದೆ ಹೂತೆ.
ಯಾರಿಗೂ ಹೇಳಿಲ್ಲ. ಈಗ ಹೇಳಿದೆ.

ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸಿನಲ್ಲಿ ನಾನಿದ್ದೇನೆ.
ಮೀಸೆ ದಪ್ಪ ಮಾಡಿದ್ದಾರೆ, ಬೆನ್ನ ಹಿಂದೆ
ನಾನೆಂದೂ ಹತ್ತದ ಜೆಟ್ಟು,
ಪಕ್ಕದಲ್ಲಿ ನಗರಸಭೆಗೆ ನಿಂತವರು ಕೈಮುಗಿದು.
ಇಳಿಸಿ, ನಮಗೆ ನಿಯಮವಿದೆ ಅಂದರೆ,
"ಅಣ್ಣ, ದೇಶಭಕ್ತಿಗೆ ಎಂಥಾ ನಿಯಮ!"
ಟೀ ಅಂಗಡಿಯ ಬೋರಣ್ಣನಿಗೆ ಲೆಕ್ಕ ಬೇಕು:
"ಎಷ್ಟ್ ಬಾಂಬ್ ಹಾಕಿದ್ಯಲಾ?"
ಒಂದೂ ಇಲ್ಲ ಅಂದರೆ ಅವನ ಮುಖ ಬಾಡುತ್ತದೆ.
ಹೊತ್ತದ್ದು ಸೀಮೆಎಣ್ಣೆ, ಈರುಳ್ಳಿ, ನೋವು ತಿನ್ನುವ ಬಸುರಿ,
ಚೀಲದಲ್ಲಿ ಕಟ್ಟಿದ ಗೆಳೆಯ,
ಒಮ್ಮೆ ಮತಯಂತ್ರ, ಮೂವತ್ತೊಂದು ಓಟಿನ ಊರಿಗೆ.
ಅಲ್ಲೊಬ್ಬ ಮುದುಕಿ ಬೆರಳಿನ ಶಾಯಿ ಊದಿಕೊಳ್ಳುತ್ತಾ
ನನ್ನತ್ತ ಏನೋ ಅಂದಳು. ಟೀಚರು ಹಿಂದಿಯಲ್ಲಿ ತಿಳಿಸಿದರು:
ನಿಂದು ಹಾಕಿದೆಯಾ, ಕೇಳ್ತಿದ್ದಾಳೆ.
ನನ್ನದು ಅಂಚೆಯಲ್ಲಿ ಬರಬೇಕಿತ್ತು. ಬಂದಿರಲಿಲ್ಲ.

ಸಂಜೆ ಹೈಸ್ಕೂಲು ಮೈದಾನ. ನೆಟ್ಟಿಗೆ ಅದೇ ನೀಲಿ ಹಗ್ಗದ ತೇಪೆ.
ಕುಳ್ಳನಾದ ನನ್ನನ್ನು ಓಬಳೇಶ್ ಮಾಸ್ತರು
ನೆಟ್ಟಿನ ಬುಡಕ್ಕೆ ತಂದು ನಿಲ್ಲಿಸಿದ್ದರು:
"ನೀನು ಹೊಡೆಯೋನಲ್ಲ, ಎತ್ತಿಕೊಡೋನು."
ಹೊಡೆದವನ ಹೆಸರು ಪೇಪರಿನಲ್ಲಿ ಬರುತ್ತಿತ್ತು.
ಇವತ್ತು ಮಕ್ಕಳ ಜೊತೆ ಆಡಿ ಸೋತೆ, ಮೊಣಕಾಲು ಊದಿದೆ.
ಎಂಟನೇ ಕ್ಲಾಸಿನ ಮುಬೀನಾ ಒಂದೇ ಸಮ ಗದರುತ್ತಿದ್ದಳು,
ಇನ್ನೊಂಚೂರು ಎತ್ತರ ಸಾರ್, ಇನ್ನೊಂಚೂರು.
ಒಂದೇ ಒಂದು ಚೆಂಡು ಅವಳ ಅಂಗೈಗಾಗಿ
ಗಾಳಿಯಲ್ಲಿ ಕಾದಿತ್ತು.

ಹೊತ್ತಿಳಿದ ಮೇಲೆ ಕಾವಲು. ಒಣಗಿದ ಹುಲ್ಲು ಮೊಣಕಾಲಿಗೆ ಬಡಿಯುತ್ತದೆ.
ಬೇಲಿಯಾಚೆಯಿಂದ ಎದ್ದಿತು, ಪೈಲಟ್ಟಿಲ್ಲದ್ದು,
ತೆಳ್ಳನೆಯ ರೆಕ್ಕೆ, ಹೊಲಿಗೆ ಯಂತ್ರದ ಸದ್ದು.
ಎತ್ತುಗಳು ತಲೆ ಎತ್ತಲಿಲ್ಲ. ದೊಡ್ಡಪ್ಪ ಎತ್ತಿದ.
"ಅದ್ರಾಗೆ ಯಾರೂ ಇಲ್ವಂತೆ?"
ಇಲ್ಲ.
"ಮತ್ತೆ, ಹೊತ್ತು ಮುಣುಗಿದ್ರೆ ಮನಿಗೋಗ್ಬೇಕು ಅಂತ
ಯಾರಿಗನ್ಸುತ್ತೆ ಅದ್ರಾಗೆ?"

ಕೆಳಗೆ ಕೂತು ನಡೆಸುವವರಿರುತ್ತಾರೆ, ಅನ್ನಲು ಹೊರಟೆ.
ಅವರಿಗೂ ಮನೆಯಿರುತ್ತದೆ, ಅನ್ನಲು.
ಅಷ್ಟರಲ್ಲಿ ಅವನು ಸಿಳ್ಳು ಹಾಕಿದ.
ದನವೆಲ್ಲ ತಿರುಗಿತು.
ನಾನೂ.