ಒದ್ದೆ ಅಂಕಿ

ಎರಡು ಎಕರೆ, ಮಂಗಳವಾರ, ಗೇಜು ಮೂರೂಕಾಲು ಅಡಿ.
ಇಷ್ಟು ಕೊಟ್ಟರೆ ನನ್ನ ಫಂಕ್ಷನ್ ಹೇಳುತ್ತದೆ
ನಾಲ್ಕು ಗಂಟೆ ಇಪ್ಪತ್ತು ನಿಮಿಷ.
ಇವತ್ತು ಕೇಳಿ, ಮಾರ್ನಾಮಿ ಕಳೆದ ಮೇಲೆ ಕೇಳಿ,
ಅದೇ ನಾಲ್ಕು, ಅದೇ ಇಪ್ಪತ್ತು.
ಗದ್ದೆ ಯಾರದೆಂದು ಕೇಳುವುದಿಲ್ಲ,
ಗಡಿಯಾರ ನೋಡುವುದಿಲ್ಲ,
ಮಂಡ್ಯದ ಈ ನೀರಾವರಿ ಕಚೇರಿಯ ಕಿಟಕಿಯಿಂದ
ಇಣುಕುವುದೂ ಇಲ್ಲ.

"ಮತ್ತೆ ನೀರು ಬುಡೋರ್ಯಾರು?" ಅಂದರು
ನೀರುಗಂಟಿ ಜವರಯ್ಯ,
ಬಾಗಿಲಲ್ಲೇ ನಿಂತು, ಪಂಚೆ ಮೊಣಕಾಲಿಗೆ ಎತ್ತಿ ಕಟ್ಟಿ.

ಅದು ಬಿಡುವುದಿಲ್ಲ, ಅಂದೆ. ಚೀಟಿ ಬರೆಯುತ್ತೆ, ಅಷ್ಟೆ.
ಗೇಜು ನೋಡು. ನೋಡಿದ ಅಂಕಿ ಹಿಡಿದು
ಮುಂದಿನ ಚೀಟಿ ಬಿಡಿಸು. ಅದು ಹೇಳಿದಷ್ಟು ತೂಬು ಎತ್ತು.
ಚೀಟಿಯ ಬಾಲಕ್ಕೆ ಚೀಟಿ,
ಬಾಳೆನಾರಿನಲ್ಲಿ ಪೋಣಿಸಿದ ಹಾಗೆ.
ಸಾವಿರ ಪೋಣಿಸಿದರೂ ಒಂದು ಹನಿ ಅಲ್ಲಾಡುವುದಿಲ್ಲ;
ನಾಲೆ ಏರಿಯ ಮೇಲೆ ನೀವು ಬಿಡಿಸಿ ಓದಿದಾಗಲೇ
ಅದು ನೀರು.

ಒಂದೇ ಕಟ್ಟಳೆ: ನಾಲೆಯಿಂದ ಬಂದ ಅಂಕಿ
ಕೊನೆತನಕ ಒದ್ದೆ.
ಒರೆಸಿ, ಒಣಗಿಸಿ,
ಒಣ ಅಂಕಿಗಳ ಪಂಕ್ತಿಯಲ್ಲಿ ಕೂರಿಸುವಂತಿಲ್ಲ.
ಅದನ್ನು ಮುಟ್ಟಿದ ಲೆಕ್ಕವೂ ಒದ್ದೆ.
ಮುಟ್ಟದ್ದನ್ನು ನಾವು ಶುದ್ಧ ಅನ್ನುತ್ತೇವೆ.

ಅಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ಜವರಯ್ಯ ನಕ್ಕರು. "ಗೊತ್ತು ಕನವ್ವ ಆ ಮಾತು.
ನಮ್ಮಜ್ಜನೂ ಇದೇ ತೂಬು ಎತ್ತೋನು.
ಅವನು ಬುಟ್ಟ ನೀರು ಎಲ್ಲಾರ ಗದ್ದೆಗೂ ಆಯ್ತಿತ್ತು,
ಅವನು ಮುಟ್ಟಿದ ಬಿಂದಿಗೆ ಆಯ್ತಿರ್ನಿಲ್ಲ."

ಫ್ಯಾನು ತಿರುಗುತ್ತಿತ್ತು. ಪರದೆಯ ಮೇಲೆ
ಎಲ್ಲ ಪರೀಕ್ಷೆಗೂ ಹಸಿರು ಗೆರೆ.

ಚೀಟಿಗಳನ್ನು ತಲೆವಸ್ತ್ರದ ಮಡಿಕೆಗೆ ಸಿಕ್ಕಿಸಿಕೊಂಡು
ಅವರು ಹೊಳಲು ಕಡೆಗೆ ಸೈಕಲ್ ತುಳಿದರು.

ಸಂಜೆ ಒಂದು ಚೀಟಿ ಮರಳಿ ಬಂತು,
ಮೂಲೆಯಲ್ಲಿ ಕೆಸರಿನ ಹೆಬ್ಬೆಟ್ಟು. ಬೆನ್ನಿಗೆ ಪೆನ್ಸಿಲ್ಲಿನ ಬರಹ:
ತೂಬಿಗೆ ಯಾರದೋ ಚಪ್ಪಲಿ ಸಿಕ್ಕಿತ್ತು.
ಹತ್ತು ನಿಮಿಷ ತಡ. ಕೈ ಹಾಕಿ ತೆಗೆದೆ.

ಚಪ್ಪಲಿ ಕೂರುವ ಟೈಪು ನನ್ನಲ್ಲಿರಲಿಲ್ಲ.
ರಾತ್ರಿ ಕೂತು ಒಂದನ್ನು ಬರೆದೆ:
ಅಂಕಿ ಬರಬಹುದು, ಇಲ್ಲವೇ
ಅಂಕಿ ಬಾರದ್ದಕ್ಕೆ ಕಾರಣ ಬರಬಹುದು.
ಆಮೇಲೆ 'ಶುದ್ಧ' ಎಂದಿದ್ದ ಕಡೆಯೆಲ್ಲ ಅಳಿಸಿ
'ಒಣ' ಎಂದು ಮಾಡಿದೆ.
ಹನ್ನೊಂದು ಸೆಕೆಂಡಿನಲ್ಲಿ ಎಲ್ಲ ಬದಲಾಯಿತು,
ನನ್ನ ಕಡತಗಳಲ್ಲಿ.