ನಾಲ್ಕು ಸಾವಿರ ಹರ್ಟ್ಸಿನ ಹಳ್ಳ

ಬೋಗಾದಿ ರಸ್ತೆಯ ಕ್ಲಿನಿಕ್ಕಿನಲ್ಲಿ ಸ್ಪಂಜು ಮೆತ್ತಿದ ಪೆಟ್ಟಿಗೆಯಂಥ ಕೋಣೆ.
ಒಳಗೆ ಕೂತವರ ಕಿವಿಗೆ ಹೆಡ್‌ಫೋನು, ಕೈಗೊಂದು ಗುಂಡಿ.
ಗಾಜಿನ ಈಚೆ ನಾನು.
“ಕೇಳಿಸಿದರೆ ಒತ್ತಿ. ಎಷ್ಟೇ ಸಣ್ಣಗಿದ್ದರೂ ಒತ್ತಿ.”
ದಿನಕ್ಕೆ ಹದಿನಾಲ್ಕು ಸಲ ಹೇಳುತ್ತೇನೆ,
ನಿವೃತ್ತ ಮೇಷ್ಟರಿಗೆ, ಮಿಲ್ಲಿನ ಹೆಂಗಸರಿಗೆ,
ಒಮ್ಮೆಯೂ ಒತ್ತದೆ ನನ್ನ ಮುಖವನ್ನೇ ನೋಡುವ ಮಗುವಿಗೆ.

ಆರು ಗಂಟೆಗೆ ಮೆಷೀನು ಆರಿಸಿ
ಅದೇ ಕೋಣೆಯೊಳಗೆ ವಾಕ್‌ಮನ್ ಹಿಡಿದು ಬಾಗಿಲು ಹಾಕಿಕೊಳ್ಳುತ್ತೇನೆ.
ಡಾಕ್ಟರಿಗೆ ಗೊತ್ತಿಲ್ಲ.

ಡಿಸೆಂಬರ್. ಮಿಕ್ಕ ಆಡಿಯೋಗ್ರಾಂ ಹಾಳೆಯ ಬೆನ್ನಿಗೆ
ವರ್ಷದ ಆಲ್ಬಮ್ಮುಗಳನ್ನು ಬರೆಯುತ್ತಿದ್ದೇನೆ.
ಯಾರೂ ಕೇಳಿಲ್ಲ, ಆದರೂ ಕೈ ನಡುಗುತ್ತದೆ,
ಯಾರಿಗೋ ಅನ್ಯಾಯ ಮಾಡಿಬಿಡುತ್ತೇನೇನೋ ಎಂದು.

ಐದು. ಚಿಲಿಯ ಅಣ್ಣತಮ್ಮಂದಿರು.
ತಂಡದ ಹೆಸರು ಓದಲು ಬರುವುದಿಲ್ಲ,
ಲೋಗೋ ಅಂದರೆ ಮುಳ್ಳುತಂತಿಗೆ ಸಿಕ್ಕಿದ ಸೀರೆ.
ಹತ್ತು ತಿಂಗಳು ಕೇಳಿದೆ,
ಹೆಸರು ಗೊತ್ತಿಲ್ಲದ ಎದುರುಮನೆಯಾಕೆಗೆ ದಿನಾ ನಗುವ ಹಾಗೆ.

ನಾಲ್ಕು. ಫಿನ್‌ಲ್ಯಾಂಡಿನ ಕಾಡಂಚಿನವನು, ಒಬ್ಬನೇ.
ಇಪ್ಪತ್ತೆಂಟು ನಿಮಿಷ, ಒಂದೇ ಹಾಡು,
ರಿಫ್ಫು ಕೆಸರಿನಿಂದ ಎಮ್ಮೆ ಏಳುವಷ್ಟು ನಿಧಾನ.
ಒಂದು ಪೆಟ್ಟಿಗೂ ಮುಂದಿನದಕ್ಕೂ ನಡುವೆ
ಹಾಲು ಉಕ್ಕಿಸಿ ಇಳಿಸಬಹುದು.
ಅಗ್ರಹಾರದ ಸರ್ಕಲ್ಲಿನಲ್ಲಿ ಬಸ್ಸು ಕೆಟ್ಟು ನಿಂತ ಸಂಜೆ ಕೇಳಿದೆ;
ಬಸ್ಸು ಹೊರಟಾಗ ಬೇಜಾರಾಯಿತು.

ಮೂರರ ಬಗ್ಗೆ ಇಮ್ದಾದನಿಗೂ ನನಗೂ ಜಗಳ.
ಮಂಡಿ ಮೊಹಲ್ಲಾದ ಅಂಗಡಿಯಲ್ಲಿ ನನ್ನ ವಾಕ್‌ಮನ್ನಿಗೆ ಹೊಸ ಬೆಲ್ಟು ಹಾಕುತ್ತಾ
“ಇದೇನು ರೆಕಾರ್ಡಿಂಗು, ಡಬ್ಬದೊಳಗೆ ಬೆಕ್ಕು” ಅಂದ.
ಬೆಕ್ಕು ಚೆನ್ನಾಗಿದೆ ಅಂದೆ.

ಎರಡು ಖಾಲಿ ಬಿಟ್ಟಿದ್ದೇನೆ.
ಒಂದಕ್ಕೂ ಉಳಿದವಕ್ಕೂ ಅಷ್ಟು ದೂರ.

ಒಂದು. ಮಂಡ್ಯದ ‘ಗೆದ್ದಲು’. ಆಲ್ಬಮ್ಮು ‘ಕೊಪ್ಪರಿಗೆ’.
ಬಿಟ್ಟದ್ದು ಅರವತ್ತೇ ಕ್ಯಾಸೆಟ್ಟು, ನನ್ನದು ನಲವತ್ತೊಂದನೆಯದು.
ಕೆರಗೋಡು ಕಡೆಯ ಆಲೆಮನೆಯ ಶೆಡ್ಡಿನಲ್ಲಿ
ಗಾಣದ ಎಂಜಿನ್ನು ನಿಲ್ಲಿಸದೆ ರೆಕಾರ್ಡು ಮಾಡಿದ್ದಾರೆ;
ಬೇಸ್ ಗಿಟಾರು ಎಲ್ಲಿ ಮುಗಿದು
ಕಬ್ಬು ಎಲ್ಲಿ ಅರೆಯುತ್ತದೋ ತಿಳಿಯುವುದಿಲ್ಲ.
ಹಾಡುವವನ ಗಂಟಲಿನಿಂದ ಒಂದು ಮಾತೂ ಬಿಡಿಸಿ ಬರದು,
‘ಕಾಕಂಬಿ’ ಎಂಬುದೊಂದು ಬಿಟ್ಟು.
ಹನ್ನೊಂದು ಸಲ ಕೂಗುತ್ತಾನೆ. ಹನ್ನೊಂದನೆಯ ಸಲ
ನನ್ನ ಹಲ್ಲಿನ ಬುಡದಲ್ಲಿ ಕಪ್ಪಗೆ ಸಿಹಿ ಇಳಿಯುತ್ತದೆ.

ಅಕ್ಟೋಬರಿನಲ್ಲಿ ಒಬ್ಬ ಹುಡುಗ ಬಂದ.
ಚೀಟಿಯಲ್ಲಿ: ಮಂಚೇಗೌಡ, ಇಪ್ಪತ್ತಮೂರು, ಹೊಳಲು.
ಕ್ಯಾಸೆಟ್ಟಿನ ಕಾಗದದಲ್ಲಿ: ಡ್ರಮ್ಸ್, ಮಂಚ.
ಬೆಂಚಿನ ಮೇಲೆ ಕಾಯುವಾಗ
ಎರಡೂ ಪಾದ ತಮ್ಮಷ್ಟಕ್ಕೆ ನೆಲ ತುಳಿಯುತ್ತಿದ್ದವು.
ಮೂರನೇ ಹಾಡು. ಗೊತ್ತಾಗದಿರಲು ನಾನೇನು ಕಿವುಡಿಯೇ?

ಒಳಗೆ ಕೂರಿಸಿದೆ. ಇನ್ನೂರೈವತ್ತಕ್ಕೆ ಒತ್ತಿದ,
ಐನೂರಕ್ಕೆ, ಸಾವಿರಕ್ಕೆ, ಎರಡು ಸಾವಿರಕ್ಕೆ ಒತ್ತಿದ.
ನಾಲ್ಕು ಸಾವಿರಕ್ಕೆ ಹೆಬ್ಬೆರಳು ಸುಮ್ಮನಿತ್ತು.
ಸದ್ದು ಏರಿಸಿದೆ. ಸುಮ್ಮನಿತ್ತು.
ನೆಟ್ಟಗೆ ಬಂದ ಗೆರೆ ಅಲ್ಲಿ ಹಳ್ಳಕ್ಕಿಳಿದು
ಎಂಟು ಸಾವಿರಕ್ಕೆ ಏದುತ್ತಾ ಹತ್ತಿತು.
ಅಂಥದೇ ಹಳ್ಳದ ಇನ್ನೊಂದು ಹಾಳೆ
ನನ್ನ ಡ್ರಾಯರಿನ ತಳದಲ್ಲಿದೆ. ಹೆಸರು ನನ್ನದು.

“ಗದ್ದಲದಲ್ಲಿ ಕೆಲಸವಾ?”
“ಆಲೆಮನೆ, ಅಕ್ಕಾ.”
“ಕಿವಿಗೆ ಪ್ಲಗ್ ಹಾಕ್ಕೋ. ಹೋದದ್ದು ವಾಪಸು ಬರಲ್ಲ.”
ಕಾಕಂಬಿ ಎಂದು ಕೂಗಬೇಕೆನಿಸಿತು.
ಮುನ್ನೂರು ರೂಪಾಯಿಯ ರಸೀತಿ ಹರಿದು ಕೊಟ್ಟೆ.

ಕೊನೆಯ ಹಾಡಿನ ಕೊನೆಗೆ, ಎಲ್ಲ ನಿಂತು
ಎಂಜಿನ್ನೂ ಕೆಮ್ಮಿ ಆರಿದ ಮೇಲೆ
ಒಂದು ಸಣ್ಣ ತಾಳ ಇದೆಯಂತೆ.
ಇಮ್ದಾದನನ್ನು ಕೇಳಿದೆ, ನಿಜವಾ?
“ಇದೆ. ಬಿಚ್ಚಿಟ್ಟ ಗೆಜ್ಜೆಯಿಂದ ಒಂದು ಕಾಳು ಉರುಳಿದ ಹಾಗೆ.”
ಬಾರಿಸಿದವನಿಗೇ ಅದು ಕೇಳಿಸಿತ್ತೋ ಇಲ್ಲವೋ.

ಈಗ ಕೋಣೆಯೊಳಗಿದ್ದೇನೆ. ಎರಡನೇ ಮಗ್ಗುಲು ಮುಗಿಯುತ್ತಾ ಬಂತು.
ಇಮ್ದಾದ ಹೇಳಿದ ಜಾಗಕ್ಕೆ ಟೇಪು ಬರುತ್ತಲೇ
ಗುಂಡಿ ಒತ್ತುತ್ತೇನೆ.
ಗಾಜಿನ ಆಚೆ
ಗೆರೆ ಎಳೆಯುವವರು ಯಾರೂ ಇಲ್ಲ.