ಹದಿನೇಳನೆಯ ತಟ್ಟೆ

ತಾರ್ತುವಿನಲ್ಲಿ ಮೂರೂವರೆಗೇ ಕತ್ತಲು.
ನದಿ ಹೆಪ್ಪುಗಟ್ಟುವ ಸದ್ದು ಇಲ್ಲಿಗೆ ಕೇಳಿಸದು;
ಕೇಳಿಸುವುದು ಸ್ಕ್ಯಾನರಿನ ಗೊರಗೊರ,
ಗಾಜಿನಡಿ ಒಂದು ಬೆಳಕಿನ ಕೋಲು
ನೆಲ ಒರೆಸುವವಳ ಹಾಗೆ
ಈ ಗೋಡೆಯಿಂದ ಆ ಗೋಡೆಗೆ.

ತಟ್ಟೆಯಲ್ಲಿ ಅಗರ್. ಮಣ್ಣಿಲ್ಲ, ಕಲ್ಲಿಲ್ಲ,
ಮರೆಯೆಂಬುದೇ ಇಲ್ಲ.
ಬೇರಿಗೆ ನಾವು ಕೊಟ್ಟದ್ದು ಇಷ್ಟೇ:
ಉಪ್ಪು, ಚಿಟಿಕೆ ಸಕ್ಕರೆ, ಸೋಸಿದ ನೀರು.
ತಟ್ಟೆ ನಿಲ್ಲಿಸಿಟ್ಟರೆ ಕೆಳಗು ಯಾವ ಕಡೆಯೆಂದು
ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ.

ನಾನು ಕೆಲಸಕ್ಕೆ ಸೇರಿದ ವರ್ಷ ಹೆಲ್ದುರ್ ಕಲಿಸಿದ್ದು ದಾರ.
ತಟ್ಟೆಯ ಹಿಂದೆ ಕಪ್ಪು ಬಟ್ಟೆ ಹಿಡಿದು,
ಒದ್ದೆ ಹತ್ತಿದಾರವನ್ನು ಬೇರಿನ ತಿರುವಿಗೆ ತಿರುವಾಗಿ ಮಲಗಿಸಿ,
ಉಗುರಲ್ಲಿ ಗುರುತು ಹಾಕಿ, ನೆಟ್ಟಗೆಳೆದು, ಅಳತೆಪಟ್ಟಿಗೆ.
"ಉಸಿರು ಬಿಡಬೇಡ ವಿರ್ವೆ, ದಾರ ಅಲುಗೀತು."
ಹಾಗೆ ಬಿಡದೆ ಹಿಡಿದ ಉಸಿರನ್ನೆಲ್ಲ ಕೂಡಿಸಿದರೆ
ಒಂದು ಇಡೀ ಚಳಿಗಾಲವಾದೀತು.

ಈಗ ಒಂದು ಚುಕ್ಕೆಗೆ ನಲವತ್ತೆರಡು ಮೈಕ್ರಾನ್.
ಯಂತ್ರ ಮೊದಲು ಬಣ್ಣ ಕಳೆಯುತ್ತದೆ,
ಆಮೇಲೆ ಬೂದು ಕಳೆಯುತ್ತದೆ,
ಬೇರೋ ಅಲ್ಲವೋ, ನಡುವೆ ಏನೂ ಉಳಿಯದಂತೆ.
ಎರಡೂ ಬದಿಯಿಂದ ಕೆರೆದು ಕೆರೆದು
ಒಂದೇ ಚುಕ್ಕೆ ಅಗಲದ ಗೆರೆ ಮಾಡಿ ಎಣಿಸುತ್ತದೆ.
ಬೇರಿಗೆ ಬೇರು ಅಡ್ಡ ಹಾಯ್ದಲ್ಲಿ ಮಾತ್ರ ತಡವರಿಸಿ
ಹಳದಿ ಉಂಗುರ ಮಿಣುಕಿಸಿ ನನ್ನನ್ನು ಕರೆಯುತ್ತದೆ.
ಇದು ಇದರದ್ದು, ಅದು ಅದರದ್ದು ಎನ್ನುತ್ತೇನೆ,
ಅವಳಿ ಮಕ್ಕಳ ಕಾಲ್ಚೀಲ ವಿಂಗಡಿಸಿದ ಹಾಗೆ.

ಹದಿನೇಳನೆಯ ತಟ್ಟೆಯಲ್ಲಿ
ಇಪ್ಪತ್ತು ಬೀಜಕ್ಕೆ ಇಪ್ಪತ್ತೊಂದು ಬೇರು.
ಹೆಚ್ಚಿನದೇ ಎಲ್ಲಕ್ಕಿಂತ ಉದ್ದ: ಅರವತ್ತೊಂದು ಮಿಲಿಮೀಟರ್.
ಸೋಮವಾರ ಅರವತ್ತೊಂದು. ಮಂಗಳವಾರವೂ.
ಬುಧವಾರ ತಟ್ಟೆಯನ್ನು ಕಾಲು ಸುತ್ತು ತಿರುಗಿಸಿಟ್ಟೆವು;
ಬೆಳಗಾಗುವುದರೊಳಗೆ ಇಪ್ಪತ್ತೂ ತುದಿಗಳು
ಹೊಸ ಕೆಳಗಿನತ್ತ ಬಾಗಿದ್ದವು.
ಅದೊಂದು ಮಾತ್ರ ಇದ್ದ ಹಾಗೇ ಇತ್ತು,
ಭೂಮಿಯ ಮಾತಿಗೂ ಸೊಪ್ಪು ಹಾಕದೆ.

ಒಲಾರಿ ಓಡಿ ಬಂದ. ಇಪ್ಪತ್ತಾರರ ಹುಡುಗ,
ಪ್ರಬಂಧವೇ ಕೈಗೆ ಸಿಕ್ಕಂಥ ಮುಖ:
"ಗುರುತ್ವ ಗೊತ್ತಿಲ್ಲದ ಬೇರು!"
ಪರದೆಯ ಮೇಲೆ ಹಿಗ್ಗಿಸಿ ನೋಡಿದೆ.
ಆ ತುದಿಯಿಂದ ಈ ತುದಿಗೆ ಒಂದೇ ದಪ್ಪ.
ಬೇರುಗೂದಲು ಒಂದೂ ಇಲ್ಲ.
ಕೂದಲಿಗೆ ಕೂದಲು ಎಲ್ಲಿಂದ ಬರಬೇಕು?
ಅಗರ್ ಸುರಿಯುವಾಗ ಟೋಪಿಯಿಂದ ಜಾರಿದ್ದು,
ನನ್ನದೇ, ಬೆಳ್ಳಗಿನದು.

ಅಳಿಸಲೇ ಎಂದು ಯಂತ್ರ ಕೇಳಿತು.
ಹೌದು ಒತ್ತಿದೆ.
ತಟ್ಟೆಯ ಸರಾಸರಿ ಒಂದೂವರೆ ಮಿಲಿಮೀಟರ್ ಕುಸಿಯಿತು.

ದಾರವಾಗಿದ್ದರೆ ಬೆರಳಿಗೇ ತಿಳಿಯುತ್ತಿತ್ತು
ಎನ್ನಲು ಬಾಯಿ ತೆರೆದು ಸುಮ್ಮನಾದೆ.
ಆಗ ನನ್ನ ಕೂದಲು ಕಪ್ಪಗಿತ್ತು.
ಕಪ್ಪು ಬಟ್ಟೆಯ ಮುಂದೆ
ಎಷ್ಟು ಬಿದ್ದಿದ್ದವೋ.